ಹದಿನಾಲ್ಕು ಸಾವಿರದ ಹಾಳೆ

ನೇರಣ್ಣನ ಮನೆಯಲ್ಲಿ ಕಾಗದಕ್ಕೆ ಬರವಿರಲಿಲ್ಲ. ಮಿಕ್ಕ ಯಾವುದಕ್ಕೆಲ್ಲ ಬರವೆಂದು ಅವನ ಹೆಂಡತಿಯನ್ನು ಕೇಳಿದರೆ ಎರಡು ಕೈಯ ಬೆರಳು ಸಾಲದೆ ಕಾಲಿನ ಬೆರಳಿಗೂ ಇಳಿಯುತ್ತಿದ್ದಳು. ಕಾಗದ ಮಾತ್ರ ಬೇಕಾದಷ್ಟು. ಅಡುಗೆಮನೆಯ ಗೂಡಿಗೆ ಹಾಸಿದ್ದು ಯಾವುದೋ ಸೋಪಿನ ಜಾಹೀರಾತು. ಹಿಟ್ಟಿನ ಡಬ್ಬದ ಕೆಳಗಿದ್ದದ್ದು ಏಪ್ರಿಲ್ ತಿಂಗಳಿಗೆ ಮೂವತ್ತೊಂದು ದಿನ ಬಿದ್ದಿದ್ದ ಕ್ಯಾಲೆಂಡರಿನ ಹಾಳೆ. ಅದನ್ನು ನೋಡಿ ಮನೆಯವರೆಲ್ಲ ವಾರವಿಡೀ ನಕ್ಕಿದ್ದರು. "ಆ ಒಂದು ದಿನದ ಸಂಬಳ ಕೇಳೋ ನಿನ್ನ ಯಜಮಾನನ್ನ" ಎಂದು ಅವನ ತಾಯಿ ಕಿಚಾಯಿಸಿದ್ದಳು.

ಅವನು ಪ್ರೆಸ್ಸಿನ ಕಟಿಂಗ್ ಮಷಿನ್ನಿನ ಮುಂದೆ ಇಪ್ಪತ್ತೆರಡು ವರ್ಷದಿಂದ ನಿಂತವನು. ಅಚ್ಚಾಗಿ ಬಂದ ದೊಡ್ಡ ಹಾಳೆಗಳ ದಿಂಡನ್ನು ತಟ್ಟಿ ಸಮಮಾಡಿ, ಬ್ಲೇಡಿನ ಕೆಳಗೆ ದೂಡಿ, ಎರಡು ಕೈಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಐನೂರು ಹಾಳೆ ಒಂದೇ ಏಟಿಗೆ ತುಂಡಾಗುತ್ತಿದ್ದವು. ಅವನು ಕತ್ತರಿಸಿದ ಅಂಚು ಕೂದಲೆಳೆಯಷ್ಟೂ ಓರೆಯಾಗುವುದಿಲ್ಲವೆಂದು ಪ್ರೆಸ್ಸಿನವರು ನೇರಣ್ಣ ಎಂದು ಕರೆದರು. ಆ ಹೆಸರು ಬೀದಿಗೂ ಬಂತು, ಮನೆಗೂ ಬಂತು. ಹಾಳೆ ಬೆರಳಿಗೆ ತಾಗಿದರೆ ಸಾಕು, ಎಷ್ಟು ದಪ್ಪ, ಯಾವ ಮಿಲ್ಲಿನದು ಎಂದು ಹೇಳಿಬಿಡುತ್ತಿದ್ದ. ಅದರ ಮೇಲೆ ಏನು ಅಚ್ಚಾಗಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಓದು ಬರುತ್ತಿರಲಿಲ್ಲವೆಂದಲ್ಲ. ಆ ಮಷಿನ್ನಿನ ಮುಂದೆ ಓದುತ್ತಾ ನಿಂತವರಿಗೆ ಬೆರಳು ಉಳಿದಿರಲಿಲ್ಲ.

ಕೆಟ್ಟ ಹಾಳೆಗಳನ್ನು ಶನಿವಾರ ಆಳಿಗೊಂದು ಕಟ್ಟು ಮನೆಗೆ ಒಯ್ಯಬಹುದೆಂಬುದು ಪ್ರೆಸ್ಸಿನ ಹಳೆಯ ಪದ್ಧತಿ. ಒಂದು ಮಗ್ಗುಲು ಅಚ್ಚು, ಇನ್ನೊಂದು ಮಗ್ಗುಲು ಖಾಲಿ. ಆ ಖಾಲಿ ಮಗ್ಗುಲಿನಲ್ಲೇ ಅವನ ಇಬ್ಬರು ಹೆಣ್ಣುಮಕ್ಕಳು ಅಕ್ಷರ ತಿದ್ದಿದರು, ಮಗ್ಗಿ ಬರೆದರು. ದೊಡ್ಡವಳಂತೂ ಲೆಕ್ಕ ಮಾಡುತ್ತಾ ಮಾಡುತ್ತಾ ಈ ಸಲದ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು ತಂದುಬಿಟ್ಟಳು. ಮನೆಯ ನೆಮ್ಮದಿ ಕೆಟ್ಟದ್ದು ಅಲ್ಲಿಂದ.

"ಗಣಿತದಲ್ಲೇ ಡಿಗ್ರಿ ಮಾಡ್ತೀನಿ. ಮೂರು ವರ್ಷ" ಎಂದಳು ದೊಡ್ಡವಳು, ಊಟಕ್ಕೆ ಕೂತಾಗ.

"ಮೂರು ವರ್ಷ ದುಡ್ಡು ಕಟ್ಟೋರು ಯಾರಂತೆ?" ಅಜ್ಜಿ ತಟ್ಟೆಯಲ್ಲಿ ಆಲೂಗಡ್ಡೆಯನ್ನು ಬೆರಳಿನಿಂದ ತಡಕುತ್ತಾ ಕೇಳಿದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. "ನನ್ನ ಡಬ್ಬದ ಕಡೆ ಯಾರೂ ನೋಡಬೇಡಿ, ಈಗಲೇ ಹೇಳಿದೀನಿ."

"ನಿಮ್ಮ ಡಬ್ಬದ ಮಾತು ಯಾರೆತ್ತಿದ್ರು ಅತ್ತೆ?" ಎಂದಳು ಸೊಸೆ.

"ಎತ್ತೋಕೆ ಮುಂಚೆನೇ ಹೇಳಿದೆ."

ಅಜ್ಜಿ ಆರು ವರ್ಷ ಹೋಟೆಲಿಗೆ ಬೆಳ್ಳುಳ್ಳಿ ಸುಲಿದುಕೊಟ್ಟು ಬಿಸ್ಕತ್ತಿನ ಡಬ್ಬದಲ್ಲಿ ಇಪ್ಪತ್ನಾಲ್ಕು ಸಾವಿರ ಕೂಡಿಟ್ಟಿದ್ದಳು. ಮುಂದಿನ ತಿಂಗಳು ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ನೇರಣ್ಣನ ಹೆಂಡತಿ ಬೇಕರಿಯಲ್ಲಿ ಬ್ರೆಡ್ಡು ಪ್ಯಾಕ್ ಮಾಡುವವಳು. ಅವಳು ಎಲ್ಲ ಕಡೆ ಕತ್ತರಿ ಹಾಕಿ, ಹಾಲು ಅರ್ಧಕ್ಕಿಳಿಸಿ, ವರ್ಷಕ್ಕೆ ಹದಿನೆಂಟು ಸಾವಿರ ಎತ್ತಿಡಬಹುದೆಂದು ಲೆಕ್ಕ ಹಾಕಿದಳು. ಅದರ ಮೇಲೆ ನೂರು ರೂಪಾಯಿಯೂ ಆಗದು. ಹದಿನೆಂಟರೊಳಗೆ ಓದಿಸುವ ಕಾಲೇಜು ಹುಡುಕಬೇಕು, ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟೇ ವಿಷಯ.

ತಾಯಿ ಮಗಳು ಹುಡುಕಲು ಹೊರಟರು. ಬೇಕರಿಯ ಪಾಳಿ ಮುಗಿಸಿ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚುವಷ್ಟೂ ಪುರುಸೊತ್ತಿಲ್ಲದೆ ಅವಳು ಮಗಳ ಜೊತೆ ಕಾಲೇಜಿನಿಂದ ಕಾಲೇಜಿಗೆ ನಡೆದಳು. ಮೂರನೆಯ ದಿನ ಸಂಜೆ ಬಂದವಳು ಚೀಲವನ್ನು ಮೂಲೆಗೆ ಎಸೆದಳು.

"ಶುಲ್ಕ ಎಷ್ಟು ಅಂದ್ರೆ ಒಬ್ಬನೂ ಬಾಯಿ ಬಿಡಲ್ಲ ರೀ. ಕಾಲೇಜಿನ ಪುಸ್ತಕ ತಗೊಳ್ಳಿ, ಅದರಲ್ಲಿದೆ ಅಂತಾರೆ. ಪುಸ್ತಕಕ್ಕೆ ಎಷ್ಟು ಅಂದ್ರೆ ಆರುನೂರು. ಶುಲ್ಕ ಎಷ್ಟೂಂತ ತಿಳ್ಕೊಳ್ಳೋಕೂ ಶುಲ್ಕನಾ ಅಂತ ಕೇಳಿದೆ. ಹಿಂದಿರೋರಿಗೆ ಜಾಗ ಬಿಡಿ ಅಂದ."

"ಐದು ಕಾಲೇಜಿಗೆ ಮೂರು ಸಾವಿರ" ಎಂದಳು ದೊಡ್ಡವಳು. "ಸೇರೋಕೆ ಮುಂಚೆನೇ."

ನೇರಣ್ಣನಿಗೆ ನಗು ಬಂತು. ಮನೆಯಲ್ಲಿ ಅವನ ಮಾತಿಗೆ ಬೆಲೆ ಬರುವ ಸಂದರ್ಭಗಳು ಅಪರೂಪ, ಬಂದಾಗ ಅವನು ಬಿಡುತ್ತಿರಲಿಲ್ಲ. "ಆ ಪುಸ್ತಕಗಳೆಲ್ಲ ಎಲ್ಲಿ ಅಚ್ಚಾಗೋದು ಗೊತ್ತಾ? ನಮ್ಮಲ್ಲಿ. ನನ್ನ ಕೈ ಮೇಲೇ ಹೋಗಿರೋದು. ಅದಕ್ಕೆ ನನ್ನ ಮಗಳು ಆರುನೂರು ಕೊಟ್ಟು ತಗೋಬೇಕಾ? ಶನಿವಾರದವರೆಗೆ ತಡೀರಿ."

ಶನಿವಾರ ಅವನು ಕೆಟ್ಟ ಹಾಳೆಗಳ ರಾಶಿಯಲ್ಲಿ ಎರಡು ಗಂಟೆ ಕೈಯಾಡಿಸಿದ. ಬೇರೆಯವರು ದಪ್ಪ ಹಾಳೆ, ಬಣ್ಣದ ಹಾಳೆ ಎಂದು ಆರಿಸಿಕೊಂಡರೆ ಇವನು ಅಂಕಿ ಇರುವ ಹಾಳೆ ಆರಿಸಿದ. ಐದು ಕಾಲೇಜಿನ ಶುಲ್ಕದ ಪುಟಗಳೂ ಸಿಕ್ಕವು. ಎದೆಯುಬ್ಬಿಸಿಕೊಂಡು ತಂದು ನೆಲದ ಮೇಲೆ ಹರಡಿದ. ಚಿಕ್ಕವಳು ನಾಲ್ಕು ಮೂಲೆಗೂ ಲೋಟ ಇಟ್ಟಳು. ದೊಡ್ಡವಳು ಪೆನ್ಸಿಲ್ ಹಿಡಿದು ಮಂಡಿಯೂರಿದಳು.

ಮೂರು ಕಾಲೇಜು ಅಲ್ಲೇ ಬಿದ್ದುಹೋದವು. ಒಂದಕ್ಕೆ ಐವತ್ತೆರಡು, ಒಂದಕ್ಕೆ ಅರವತ್ತು, ಇನ್ನೊಂದನ್ನು ಓದಿದಾಗ ಅಜ್ಜಿ ಕಿವಿ ಮುಚ್ಚಿಕೊಂಡಳು. ಉಳಿದದ್ದು ಎರಡು. ಸರ್ಕಾರಿ ಕಾಲೇಜಿನದು ಒಂಬತ್ತು ಸಾವಿರ, ಆದರೆ ಅದು ಊರಿನ ಆ ತುದಿಗೆ, ಎರಡು ಬಸ್ಸು. ವರ್ಷದ ಪಾಸಿಗೆ ಎಂಟು ಸಾವಿರ. ಒಟ್ಟು ಹದಿನೇಳು. ಗೋಪುರದಲ್ಲಿ ಗಡಿಯಾರವಿರುವ ಕಾಲೇಜು ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಅದರ ಶುಲ್ಕ ಹದಿನಾಲ್ಕು ಸಾವಿರ.

"ಗಡಿಯಾರದ ಕಾಲೇಜು ಹದಿನಾಲ್ಕಾ?" ಹೆಂಡತಿಗೆ ನಂಬಿಕೆ ಬರಲಿಲ್ಲ. "ಅಲ್ಲಿ ಕಾರಲ್ಲಿ ಬಂದಿಳೀತಾರೆ ಮಕ್ಕಳು."

"ಅಚ್ಚಾಗಿದೆಯಲ್ಲ, ನೋಡು."

"ಅಲ್ಲಿ ಎರಡು ಮಹಡಿ ಲೈಬ್ರರಿ ಇದೆ ಅಮ್ಮ" ಎಂದಳು ದೊಡ್ಡವಳು. ಅವಳ ಮುಖ ಅರಳಿತ್ತು. ಆ ಮುಖ ನೋಡಿದ ಮೇಲೆ ನೇರಣ್ಣನಿಗೆ ಬೇರೆ ಯಾವ ಲೆಕ್ಕವೂ ಬೇಡವಾಯಿತು.

ಸೋಮವಾರ ದೊಡ್ಡವಳು ಎರಡೂ ಕಡೆ ಅರ್ಜಿ ತಂದಳು. ಗಡಿಯಾರದ ಕಾಲೇಜಿನ ಕಿಟಕಿಯಲ್ಲಿ ನಡೆದದ್ದನ್ನು ಊಟದ ಹೊತ್ತಿಗೆ ನಟಿಸಿ ತೋರಿಸಿದಳು. "ಅರ್ಜಿ ಮಾತ್ರನಾ, ಪುಸ್ತಕನೂ ಬೇಕಾ ಅಂತ ಕೇಳಿದ. ನಾನು, ಪುಸ್ತಕ ಮನೇಲಿದೆ ಅಂದೆ. ಹಾಗೇ ನನ್ನ ಮುಖ ನೋಡಿದ."

ಎಲ್ಲರೂ ನಕ್ಕರು. ನೇರಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ಎರಡು ವಾರದ ಮೇಲೆ ಎರಡು ಪಟ್ಟಿಯಲ್ಲೂ ಅವಳ ನಂಬರು ಬಂತು. ಸಂತೋಷಪಡಬೇಕಾದ ಆ ದಿನವೇ ಗಂಡ ಹೆಂಡಿರಿಗೆ ಜಗಳ ಹತ್ತಿಕೊಂಡಿತು. ಸರ್ಕಾರಿ ಕಾಲೇಜಿಗೆ ಶನಿವಾರದೊಳಗೆ ಒಂಬತ್ತು ಸಾವಿರವನ್ನೂ ಕಟ್ಟಬೇಕು, ಕಟ್ಟದಿದ್ದರೆ ಸೀಟು ಮುಂದಿನವರಿಗೆ. ಕಟ್ಟಿದ ಮೇಲೆ ಬೇಡವೆಂದರೆ ದುಡ್ಡು ವಾಪಸಿಲ್ಲ. ಗಡಿಯಾರದ ಕಾಲೇಜಿಗೆ ಕಟ್ಟುವುದು ಅದರ ಮುಂದಿನ ಬುಧವಾರ.

"ಸರ್ಕಾರಿದಕ್ಕೇ ಕಟ್ಟಿಬಿಡೋಣ" ಎಂದಳು ಹೆಂಡತಿ. "ಸರ್ಕಾರಿದು ಎಲ್ಲೂ ಓಡಿಹೋಗಲ್ಲ."

"ಅದು ಹದಿನೇಳು, ಇದು ಹದಿನಾಲ್ಕು. ಮೂರು ವರ್ಷಕ್ಕೆ ಒಂಬತ್ತು ಸಾವಿರ ಉಳಿಯುತ್ತೆ. ಚಿಕ್ಕವಳಿಗೆ ಆಗುತ್ತೆ. ದಿನಾ ನಾಲ್ಕು ಬಸ್ಸು ಹತ್ತಿ ಇಳಿಯೋ ಹುಡುಗಿ ಮನೆಗೆ ಬಂದು ಏನು ಓದ್ತಾಳೆ?"

"ಒಂದು ಸಲ ಆ ಕಿಟಕೀಲಿ ಕೇಳಿ ಬರಬಾರದಾ?"

"ಕೇಳಿದ್ರೆ ಏನಂತಾನೆ? ಪುಸ್ತಕ ನೋಡಿ ಅಂತಾನೆ. ಪುಸ್ತಕ ಇಲ್ಲೇ ಇದೆ. ಅಚ್ಚಾಗಿರೋದನ್ನೇ ನಂಬಲ್ಲ ಅಂದ್ರೆ ನಾನು ಇಷ್ಟು ವರ್ಷ ಕತ್ತರಿಸಿದ್ದು ಏನು, ಬಾಳೆಹಣ್ಣಾ?"

ಹೆಂಡತಿ ಮಗಳ ಕಡೆ ನೋಡಿದಳು. ಮಗಳು ತನ್ನ ಕಾಲಿನ ಬೂಟು ನೋಡುತ್ತಿದ್ದಳು. ಬೇಸಿಗೆಗೆ ಮುಂಚೆ ಪ್ರೆಸ್ಸಿನಲ್ಲಿ ಎರಡು ಭಾನುವಾರ ಹೆಚ್ಚು ಕೆಲಸ ಸಿಕ್ಕಿ, ಆ ದುಡ್ಡಿನಲ್ಲಿ ನೇರಣ್ಣ ತಂದುಕೊಟ್ಟ ಬೂಟು ಅದು. "ನಡ್ಕೊಂಡು ಹೋಗಬಹುದಲ್ಲ ಅಮ್ಮ" ಎಂದಳು ಮೆಲ್ಲಗೆ. ಶನಿವಾರ ಬಂತು, ಹೋಯಿತು. ಸರ್ಕಾರಿ ಕಾಲೇಜಿಗೆ ಅವರು ಕಟ್ಟಲಿಲ್ಲ.

ಬುಧವಾರ ನೇರಣ್ಣ ಅರ್ಧ ದಿನ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಮಗಳ ಜೊತೆ ತಾನೇ ಹೋದ. ಕಿಟಕಿಯ ಮುಂದೆ ಉದ್ದ ಸಾಲು. ಮುಂದಿದ್ದವರೊಬ್ಬರ ಕೈಯಲ್ಲಿ ಕಾಲೇಜಿನ ಪುಸ್ತಕ ನೋಡಿ, "ಅಂಚು ನೋಡಿ ಸಾರ್, ಎಷ್ಟು ನೇರ ಇದೆ. ನನ್ನ ಕೆಲಸ ಅದು" ಎಂದ. ಅವರು ಅಂಚು ನೋಡಿ, ಇವನನ್ನು ನೋಡಿ, ಹೂಂ ಎಂದರು. ಅವರ ಪುಸ್ತಕ ತೆರೆದು ಒಂದು ಪುಟ ಮಗುಚಿದ್ದರೂ ಸಾಕಿತ್ತು. ಅವನು ಅಂಚನ್ನು ಸವರಿ ವಾಪಸು ಕೊಟ್ಟ.

ಕಿಟಕಿಯಲ್ಲಿದ್ದವನು ನೋಟಿನ ಕಟ್ಟನ್ನು ಎಣಿಸಿದ. "ಇನ್ನು ಇಪ್ಪತ್ತೇಳು?"

"ಏನು ಇಪ್ಪತ್ತೇಳು?"

"ಇಪ್ಪತ್ತೇಳು ಸಾವಿರ. ನಲವತ್ತೊಂದಕ್ಕೆ ಹದಿನಾಲ್ಕು ಕೊಟ್ಟಿದ್ದೀರ."

ದೊಡ್ಡವಳು ಚೀಲದಿಂದ ಹಾಳೆ ತೆಗೆದು ಕಿಟಕಿಯೊಳಗೆ ತೂರಿಸಿದಳು. ಅದನ್ನು ಅವಳು ನಾಲ್ಕಾಗಿ ಮಡಿಸಿ ತಂದಿದ್ದಳು. ಅವನು ಬಿಡಿಸಿ ನೋಡಿದ, ಹಿಂದೆ ತಿರುಗಿಸಿದ. ಹಿಂದೆ ಖಾಲಿ, ಮೂಲೆಯಲ್ಲಿ ಚಿಕ್ಕವಳು ಬಿಡಿಸಿದ ಒಂದು ಬೆಕ್ಕು.

"ಇದು ಎಲ್ಲಿ ಸಿಕ್ತು ನಿಮಗೆ? ಇದು ಕತ್ತರಿಸದೆ ಇರೋ ಹಾಳೆ. ಪುಸ್ತಕದ್ದಲ್ಲ." ಅವನು ಪಕ್ಕದಿಂದ ನಿಜವಾದ ಪುಸ್ತಕ ತೆಗೆದು ಅದೇ ಪುಟ ತೋರಿಸಿದ. ಎಲ್ಲ ಸಾಲೂ ಅದೇ, ಎರಡು ಅಂಕಿಗಳ ಜಾಗ ಮಾತ್ರ ಅದಲುಬದಲು. ನಲವತ್ತೊಂದು ಸಾವಿರ.

"ಅಚ್ಚಾಗಿದೆಯಲ್ಲ ಸ್ವಾಮಿ" ಎಂದ ನೇರಣ್ಣ. "ನಮ್ಮ ಪ್ರೆಸ್ಸಲ್ಲೇ."

"ತಪ್ಪಾಗಿ ಅಚ್ಚಾಗಿದ್ದಕ್ಕೇ ಅಲ್ವಾ ಎಸೆದಿರೋದು?" ಅವನೇನೂ ಒರಟಾಗಿ ಹೇಳಲಿಲ್ಲ. ದುಡ್ಡನ್ನು ಮತ್ತೆ ಎಣಿಸಿ ವಾಪಸು ಕೊಟ್ಟ. "ಸಂಜೆ ಐದರವರೆಗೆ ಟೈಮಿದೆ, ತರೋದಾದ್ರೆ ತನ್ನಿ."

ಕೆಟ್ಟ ಹಾಳೆ ಎಂದರೆ ಅದರಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ. ಇಪ್ಪತ್ತೆರಡು ವರ್ಷ ಕೆಟ್ಟ ಹಾಳೆ ಹೊತ್ತು ತಂದವನಿಗೆ ಇದು ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಳೆಯಲಿಲ್ಲ. ಅವನ ಮಟ್ಟಿಗೆ ಹಾಳೆ ಕೆಡುವುದೆಂದರೆ ಮಸಿ ಹರಡುವುದು, ಅಂಚು ಸೊಟ್ಟಗಾಗುವುದು, ಮಡಿಕೆ ಬೀಳುವುದು. ರಾಶಿಯಿಂದ ಎತ್ತಿದಾಗ ಈ ಹಾಳೆಯಲ್ಲಿ ಮಸಿ ಚೊಕ್ಕವಾಗಿತ್ತು, ಎಲ್ಲೂ ಒಂದು ಮಡಿಕೆ ಇರಲಿಲ್ಲ. ಅದಕ್ಕೇ ಅವನು ನಂಬಿದ್ದ.

ತಂದೆ ಮಗಳು ಅಲ್ಲಿಂದಲೇ ಎರಡು ಬಸ್ಸು ಹತ್ತಿ ಸರ್ಕಾರಿ ಕಾಲೇಜಿಗೆ ಹೋದರು. ಬಾಗಿಲಲ್ಲಿ ಹೊಸ ಪಟ್ಟಿ ಅಂಟಿಸಿದ್ದರು. ಅವಳ ನಂಬರಿದ್ದ ಜಾಗದಲ್ಲಿ ಬೇರೆ ನಂಬರಿತ್ತು.

"ಶನಿವಾರ ಯಾಕೆ ಬರಲಿಲ್ಲ?" ಎಂದರು ಅಲ್ಲಿನ ಗುಮಾಸ್ತೆ, ವಯಸ್ಸಾದ ಹೆಂಗಸು. "ತೊಂಬತ್ತೆಂಟು ತೆಗೆದಿದೀಯಲ್ಲಮ್ಮ. ಯಾರಾದ್ರೂ ಬಿಡ್ತಾರಾ?"

"ಈಗ ಏನೂ ಮಾಡೋಕಾಗಲ್ವಾ ಅಮ್ಮ?" ಎಂದು ನೇರಣ್ಣ ಕೇಳಿದ.

"ಕಾಯೋರ ಪಟ್ಟೀಲಿ ಬರ್ಕೋತೀನಿ. ಅರವತ್ಮೂರನೇ ನಂಬರು. ಮುಂದಿನ ವರ್ಷ ಬಂದ್ರೆ ಆ ವರ್ಷ ಪಾಸಾದವರಿಗೆ ಮೊದಲು, ಉಳಿದ್ರೆ ಹಳಬರಿಗೆ. ಉಳಿಯೋದು ಕಮ್ಮಿ. ಸುಳ್ಳು ಆಸೆ ಹುಟ್ಟಿಸಲ್ಲ ನಾನು."

ಮನೆಯಲ್ಲಿ ವಿಷಯ ತಿಳಿದಾಗ ಹೆಂಡತಿ ಕಿರುಚುತ್ತಾಳೆಂದು ನೇರಣ್ಣ ಕಾದಿದ್ದ. ಅವಳು ಕಿರುಚಲಿಲ್ಲ. ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬ ಎತ್ತಿ, ಕೆಳಗಿದ್ದ ಕ್ಯಾಲೆಂಡರಿನ ಹಾಳೆ ಎಳೆದು ತಂದು ಅವನ ಮುಂದೆ ಇಟ್ಟಳು.

"ಏಪ್ರಿಲ್‌ಗೆ ಮೂವತ್ತೊಂದು ದಿನ. ಮೂರು ಹೊತ್ತೂ ಕಣ್ಣೆದುರಿಗೇ ಇತ್ತು. ನಕ್ಕಿದ್ದೇ ನಕ್ಕಿದ್ದು. ನನಗೂ ಬುದ್ಧಿ ಬರಲಿಲ್ಲ, ನಿಮಗೂ ಬರಲಿಲ್ಲ." "ಕೇಳಿ ಬನ್ನಿ ಅಂದಿದ್ದೆ ನಾನು. ಒಂದೇ ಒಂದು ಸಲ ಕೇಳಿ ಬನ್ನಿ ಅಂದಿದ್ದೆ" ಎಂದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ನೇರಣ್ಣನಿಗೆ ಅವಳು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ತನ್ನ ಮೂಲೆಗೆ ಹೋಗಿ, ಗೋಡೆ ಹಿಡಿದುಕೊಂಡೇ ವಾಪಸು ಬಂದಳು. ಬಿಸ್ಕತ್ತಿನ ಡಬ್ಬವನ್ನು ದೊಡ್ಡವಳ ತೊಡೆಯ ಮೇಲೆ ಕುಕ್ಕಿದಳು.

"ನಿಮ್ಮಮ್ಮನದು ಹದಿನೆಂಟು, ಇದರಲ್ಲಿ ಇಪ್ಪತ್ನಾಲ್ಕು. ಒಂದು ಸಾವಿರ ಮಿಗುತ್ತೆ. ಐದು ಗಂಟೆಯೊಳಗೆ ಹೋಗಿ ಕಟ್ಟು. ಎದ್ದೇಳು."

ಯಾರೂ ಏಳಲಿಲ್ಲ. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ನೇರಣ್ಣನಿಗೆ ನಾಚಿಕೆಯಾಯಿತು, ಆಸೆಯೂ ಆಯಿತು. ಮಗಳು ಎದ್ದು ಹೋಗಲಿ, ಅಮ್ಮನ ಕಣ್ಣಿನ ವಿಷಯ ಆಮೇಲೆ ನೋಡೋಣ ಎಂದು ಅವನ ಮನಸ್ಸು ಹೇಳಿತು. ಹೆತ್ತ ತಾಯಿಯ ಕಣ್ಣಿಗಿಂತ ತನ್ನ ತಪ್ಪು ಮುಚ್ಚಿಹೋಗುವುದೇ ಅವನಿಗೆ ದೊಡ್ಡದಾಗಿ ಕಂಡಿತು. ಅದನ್ನು ಅವನು ಆಮೇಲೆ ಎಷ್ಟು ದಿನ ನೆನೆದು ಬೆಂದನೋ.

ದೊಡ್ಡವಳು ಡಬ್ಬದ ಮುಚ್ಚಳ ತೆಗೆಯಲೂ ಇಲ್ಲ. "ಮೊದಲನೇ ವರ್ಷಕ್ಕೆ ನಿನ್ನ ಕಣ್ಣು ಅಜ್ಜಿ. ಎರಡನೇ ವರ್ಷಕ್ಕೆ ಯಾರದು?"

"ಎರಡನೇ ವರ್ಷದ್ದು ಎರಡನೇ ವರ್ಷಕ್ಕೆ."

"ಆಗಲೂ ನಲವತ್ತೊಂದೇ ಅಜ್ಜಿ. ಜಾಸ್ತಿ ಆದರೂ ಆಗಬಹುದು. ನಮ್ಮ ಹತ್ರ ಹದಿನೆಂಟೇ. ಲೆಕ್ಕ ನಂಗೆ ಬರುತ್ತೆ."

ಅಜ್ಜಿ ಬಾಯಿಗೆ ಬಂದಂತೆ ಬೈದಳು. ಮಗನನ್ನು, ಪ್ರೆಸ್ಸನ್ನು, ಗಡಿಯಾರದ ಕಾಲೇಜನ್ನು, ಕೊನೆಗೆ ದೊಡ್ಡವಳನ್ನೂ ಬೈದಳು. ಐದು ಗಂಟೆಗೆ ಗೋಪುರದ ಗಂಟೆ ಹೊಡೆಯುವುದು ಇವರ ಬೀದಿಗೂ ಕೇಳಿಸುತ್ತಿತ್ತು. ಐದೂ ಹೊಡೆದು ಮುಗಿದ ಮೇಲೆ ಅವಳು ಡಬ್ಬವನ್ನು ಮತ್ತೆ ತನ್ನ ಮೂಲೆಗೆ ಒಯ್ದಳು.

ಮಾರನೆಯ ದಿನ ನೇರಣ್ಣ ಫೋರ್ಮನ್ನನ ಮುಂದೆ ಹೋಗಿ ನಿಂತ. "ಗಡಿಯಾರದ ಕಾಲೇಜಿನ ಹಾಳೆ ಅಷ್ಟೊಂದು ಯಾಕೆ ಕೆಟ್ಟಿತ್ತು?"

"ಶುಲ್ಕ ತಿರುಗಾಮುರುಗಾ ಬಿದ್ದಿತ್ತಲ್ಲಪ್ಪ. ಪೂರ್ತಿ ಎರಡನೇ ಸಲ ಹೊಡೆದ್ವಿ. ಅದಕ್ಕೇ ತಾನೇ ನಿನಗೆ ಎರಡು ಭಾನುವಾರ ಸಿಕ್ಕಿದ್ದು, ಮರೆತುಬಿಟ್ಟೆಯಾ?"

ಅವನು ಮರೆತಿರಲಿಲ್ಲ, ಮೊದಲಿಗೆ ಕೇಳಿಯೇ ಇರಲಿಲ್ಲ. ಎರಡನೇ ಸಲ ಯಾಕೆ ಎಂದು ಕೇಳದೆ ಕತ್ತರಿಸಿ, ದುಡ್ಡೆಣಿಸಿಕೊಂಡು, ಮಗಳಿಗೆ ಬೂಟು ಕೊಂಡಿದ್ದ.

ಕಾಯುವವರ ಪಟ್ಟಿ ಹದಿನೇಳರವರೆಗೆ ಬಂದು ನಿಂತಿತು. ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು. ಕಣ್ಣಿನ ಬ್ಯಾಂಡೇಜು ಬಿಚ್ಚಿದ ದಿನ ಅವಳು ಮೊದಲು ನೋಡಿದ್ದು ದೊಡ್ಡವಳ ಮುಖವನ್ನು. "ಇಷ್ಟು ಸಣ್ಣಗಾಗಿದೀಯಲ್ಲೇ" ಎಂದಳು. ದೊಡ್ಡವಳು ಅದೇ ವಾರ ಪ್ರೆಸ್ಸಿಗೆ ಸೇರಿದಳು. ಹಾಳೆ ಜೋಡಿಸುವ ಟೇಬಲ್ಲಿಗೆ ಒಬ್ಬಳು ಬೇಕೆಂದು ಯಜಮಾನರೇ ಹೇಳಿಕಳಿಸಿದ್ದರು.

"ಒಂದು ವರ್ಷ ಅಷ್ಟೇ" ಎಂದ ನೇರಣ್ಣ, ಮೊದಲ ದಿನ ಅವಳನ್ನು ಕರೆದೊಯ್ದು.

"ಹಾಗೇ ಆಗಲಿ" ಎಂದಳು ಟೇಬಲ್ಲಿನ ಹಳೆಯ ಹೆಂಗಸು. ಉಳಿದವರು ಸ್ವಲ್ಪ ಸರಿದು ಜಾಗ ಕೊಟ್ಟರು.

ಒಂದು ತಿಂಗಳ ಮೇಲೆ ಫೋರ್ಮನ್ ಗೋಡೆಯ ಪಕ್ಕದ ದಿಂಡು ತೋರಿಸಿ, "ಜಾಗ ಖಾಲಿ ಮಾಡಬೇಕು. ಹಿಂಬದಿ ಖಾಲಿಯಿದೆ, ನಾಲ್ಕು ತುಂಡು ಮಾಡಿ ಬರೆಯೋ ಪ್ಯಾಡ್ ಹಾಕಿಬಿಡು, ಸ್ಕೂಲಿನವರು ತಗೋತಾರೆ" ಎಂದ. ನೇರಣ್ಣ ಹೊದಿಕೆ ಸರಿಸಿದ. ಐದು ಸಾವಿರ ಹಾಳೆ. ಐದು ಸಾವಿರದ ಮೇಲೂ ಹದಿನಾಲ್ಕು ಸಾವಿರ ಎಂದೇ ಇತ್ತು. ದಿಂಡನ್ನು ಒತ್ತಿಹಿಡಿಯಲು ಕಳಿಸಿದ್ದು ದೊಡ್ಡವಳನ್ನೇ.

ಅವಳು ಮೇಲಿನ ಹಾಳೆ ನೋಡಿದಳು. ಕೈಯಿಟ್ಟು ಸಮ ಮಾಡಿದಳು.

"ಕತ್ತರಿಸಪ್ಪ" ಎಂದಳು.

ಅವನು ಗುಂಡಿಗಳ ಮೇಲೆ ಕೈಯಿಟ್ಟವನು ಒಂದು ಕ್ಷಣ ತಡೆದ. ಅವಳ ಬೆರಳುಗಳು ದೂರವಿವೆಯೇ ಎಂದು ಎರಡು ಸಲ ನೋಡಿದ. ಆಮೇಲೆ ಒತ್ತಿದ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅಂಚು ಎಂದಿನಂತೆ ನೇರವಾಗಿಯೇ ಬಂತು. ಮಧ್ಯಾಹ್ನದ ಮೇಲೆ ಟೇಬಲ್ಲಿನ ಹೆಂಗಸರು ಅಂಚಿಗೆ ಗೋಂದು ಬಳಿದು ಪ್ಯಾಡುಗಳನ್ನು ಕಟ್ಟಿದರು. ದೊಡ್ಡವಳೂ ಬಳಿದಳು.

ಆ ಸಂಜೆ ಅವಳು ಒಂದು ಪ್ಯಾಡ್ ಮನೆಗೆ ತಂದು ಚಿಕ್ಕವಳಿಗೆ ಕೊಟ್ಟಳು. ಚಿಕ್ಕವಳು ಲೆಕ್ಕಕ್ಕೆ ಕೂತಳು. ಅಡುಗೆಮನೆಯ ಗೂಡಿನಲ್ಲಿ ಈಗ ಯಾವ ಹಾಳೆಯೂ ಇರಲಿಲ್ಲ, ತಾಯಿ ಎಲ್ಲವನ್ನೂ ಕಿತ್ತುಹಾಕಿದ್ದಳು. ನೇರಣ್ಣ ತಟ್ಟೆಯ ಮುಂದೆ ಕೂತಿದ್ದ.

"ಅಕ್ಕ, ಇದರ ಹಿಂದೆ ಏನೋ ಅಚ್ಚಾಗಿದೆ" ಎಂದಳು ಚಿಕ್ಕವಳು ಹಾಳೆ ಮಗುಚುತ್ತಾ.

"ಅದನ್ನ ಓದಬೇಡ" ಎಂದಳು ದೊಡ್ಡವಳು. "ಈ ಕಡೆ ಬರಿ."

ನೇರಣ್ಣ ಕಲಸಿದ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಹೆಂಡತಿ ಇನ್ನಷ್ಟು ಅನ್ನ ಬೇಕೇ ಎಂದು ಕೇಳಿದಳು. ಅವನು ಸಾಕು ಎಂದ.